ಬಾಗಿಲ ಚೌಕಟ್ಟಿನ ಹೆಸರಿಲ್ಲದ ಗೆರೆ

೧

ಇದನ್ನು ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ.

ಬಾಗಿಲಿನಿಂದ ಶುರು ಮಾಡಬಹುದು, ಕಥೆ ನಡೆಯುವುದೇ ಒಂದು ಬಾಗಿಲಲ್ಲಿ. ಆದರೆ ಬಾಗಿಲಿನಿಂದ ಶುರುವಾಗುವ ಕಥೆಗಳನ್ನು ನಾನು ಈಗಾಗಲೇ ಬೇಕಾದಷ್ಟು ಬರೆದಿದ್ದೇನೆ. ಎಲ್ಲದರಲ್ಲೂ ಯಾರೋ ಬಾಗಿಲು ತಟ್ಟುತ್ತಾರೆ, ತೆಗೆದು ನೋಡಿದರೆ ಯಾರೂ ಇರುವುದಿಲ್ಲ. ಒಂದನ್ನೂ ಯಾವ ಸಂಪಾದಕನೂ ಹಾಕಿಕೊಳ್ಳಲಿಲ್ಲ. ಹುಡುಗಿಯಿಂದ ಶುರು ಮಾಡೋಣವೆಂದರೆ ನೀವು ಪ್ರೇಮಕಥೆ ಎಂದುಕೊಂಡು ಕಾಲು ಚಾಚಿ ಕೂರುತ್ತೀರಿ. ಪ್ರೇಮ ಇಲ್ಲ, ಮೊದಲೇ ಹೇಳಿಬಿಟ್ಟಿದ್ದೇನೆ, ಆಮೇಲೆ ಬೈಯಬೇಡಿ. ಇವಳು ಯೂನಿವರ್ಸಿಟಿಯಲ್ಲಿ ಓದುತ್ತಿದ್ದಾಳೆ, ಅಷ್ಟೆ. ಓದುತ್ತಿರುವುದು ಸಾಂಸ್ಕೃತಿಕ ಪರಂಪರೆ ಪ್ರವಾಸೋದ್ಯಮ.

(ಇಷ್ಟುದ್ದದ ಪದ ಮೊದಲ ಪುಟದಲ್ಲೇ ಬಂದರೆ ಓದುಗರು ಎದ್ದು ಹೋಗುತ್ತಾರೆಂದು ನನಗೂ ಗೊತ್ತು. ಕೂತಿರಿ, ಮತ್ತೆ ಬರುವುದಿಲ್ಲ.)

ಅವಳ ಅಪ್ಪನ ಬಾಯಲ್ಲೂ ಆ ಪದ ಹೊರಳಲಿಲ್ಲ. "ಅಲ್ಲಮ್ಮಾ, ಊರು ಸುತ್ತೋದಕ್ಕೂ ಡಿಗ್ರಿ ಬೇಕಾ?" ಎಂದರು ಫೋನಿನಲ್ಲಿ.

"ಸುತ್ತೋದಕ್ಕಲ್ಲ ಅಪ್ಪಾ, ಸುತ್ತಿಸೋದಕ್ಕೆ."

ಅಪ್ಪ ನಕ್ಕರು. ಊಟ ಆಯ್ತಾ ಎಂದು ಕೇಳಿದರು. ಆಯ್ತು ಎಂದಳು. ಫೋನು ಇಟ್ಟ ಮೇಲೆ ಅವಳು ಬಾಡಿಗೆ ಕೋಣೆಯಲ್ಲಿ ಇದ್ದ ಒಂದೇ ತಟ್ಟೆಯನ್ನು ತೊಳೆದು ಅನ್ನ ಬಡಿಸಿಕೊಂಡಳು.

೨

ಮೊದಲ ಕರಡು ಹೀಗಿತ್ತು:

"ಮುಸ್ಸಂಜೆಯ ಹೊಂಬಣ್ಣದಲ್ಲಿ ಮಿಂದ ಆ ಪುರಾತನ ಭವನವು ತನ್ನ ಗತವೈಭವವನ್ನು ನೆನೆದು ದೀರ್ಘವಾಗಿ ನಿಟ್ಟುಸಿರಿಟ್ಟಿತು."

ಬರೆದು ಇನ್ನೂ ಚುಕ್ಕಿ ಇಟ್ಟಿಲ್ಲ, ಅವಳು ಮುಖ ಕಿವಿಚಿದಳು.

"ಭವನ ಅಲ್ಲ ಅದು, ಮನೆ. ನಾಲ್ಕು ರೂಮು. ನಿಟ್ಟುಸಿರೂ ಇಲ್ಲ, ಏನೂ ಇಲ್ಲ. ಬ್ರೋಶರ್ ಥರ ಬರೀಬೇಡಿ ಲೇಖಕರೇ. ಇಂಥ ವಾಕ್ಯ ಬರೆದ್ರೆ ನಮ್ಮ ಮೇಡಂ ಮಾರ್ಕ್ಸ್ ಕಟ್ ಮಾಡ್ತಾರೆ."

ಪಾತ್ರಗಳಿಂದ ಬೈಸಿಕೊಳ್ಳುವುದು ನನಗೆ ರೂಢಿಯಾಗಿದೆ. ಆ ವಾಕ್ಯ ಹೊಡೆದು ಹಾಕಿದ್ದೇನೆ. ಸರಿ, ಮನೆ.

ಅದೊಬ್ಬ ಟೈಲರನ ಮನೆ. ಗಂಡ, ಹೆಂಡತಿ, ಮೂರು ಮಕ್ಕಳು ಇದ್ದ ಮನೆ. ಈಗ ಅವರಲ್ಲಿ ಉಳಿದಿರುವವಳು ಕೊನೆಯ ಮಗಳೊಬ್ಬಳೇ, ಅವಳಿಗೂ ವಯಸ್ಸಾಗಿದೆ. ಎಲ್ಲೋ ದೂರದ ಪಟ್ಟಣದಲ್ಲಿರುತ್ತಾಳೆ. ಮನೆಯನ್ನು ಸಾಮಾನು ಸಮೇತ ಯೂನಿವರ್ಸಿಟಿಗೆ ಕೊಟ್ಟು, ಆಮೇಲೆ ಇತ್ತ ತಲೆ ಹಾಕಿರಲಿಲ್ಲ. ಡಿಪಾರ್ಟ್‌ಮೆಂಟಿನವರು ಅದನ್ನು ಮನೆ-ಮ್ಯೂಸಿಯಂ ಮಾಡಿದರು. ವಿದ್ಯಾರ್ಥಿಗಳು ಸರದಿಯ ಮೇಲೆ ಅಲ್ಲಿ ಗೈಡ್ ಕೆಲಸ ಕಲಿಯುತ್ತಾರೆ.

ಇಂಥ ಮನೆಗಳಿಗೆ ಒಂದು ಗುಟ್ಟಿದೆ. ಎಲ್ಲರೂ ಈಗಷ್ಟೇ ಎದ್ದು ಹೋದಂತೆ ಕಾಣಬೇಕು. ಆದ್ದರಿಂದ ಟೇಬಲ್ಲಿನ ಮುಂದಿನ ಕುರ್ಚಿಯನ್ನು ಕೊಂಚ ಹಿಂದಕ್ಕೆ ಸರಿಸಿ, ಕೊಂಚ ಓರೆಯಾಗಿ ಇಟ್ಟಿದ್ದಾರೆ. ಕಸ ಗುಡಿಸಿದ ಮೇಲೆ ಅದೇ ಓರೆಗೆ ವಾಪಸ್ ಬರಲೆಂದು ಕುರ್ಚಿ ಕಾಲುಗಳ ಕೆಳಗೆ ನೆಲದ ಮೇಲೆ ಪುಟ್ಟ ಸ್ಟಿಕ್ಕರುಗಳಿವೆ. ಹೊಲಿಗೆ ಅರ್ಧಕ್ಕೆ ನಿಂತ ಒಂದು ಮಗುವಿನ ಕೋಟು, ಅದರ ಮೇಲೆ ಕತ್ತರಿ, ಪಕ್ಕದಲ್ಲಿ ಕನ್ನಡಕ. ಇವಳು ಮೊದಲ ದಿನ ಒಳಗೆ ಕಾಲಿಟ್ಟವಳು ಬಾಗಿಲಲ್ಲೇ ನಿಂತುಬಿಟ್ಟಳು. ಯಾರೂ ಇಲ್ಲದ ಈ ಮನೆಯಲ್ಲಿ ತನ್ನ ಕೋಣೆಗಿಂತ ಹೆಚ್ಚು ಜನ ಇದ್ದಾರಲ್ಲ ಎನಿಸಿತು. ಅವಳ ಕೋಣೆಯ ಕುರ್ಚಿ ಅವಳು ಬಿಟ್ಟುಹೋದಲ್ಲೇ ಇರುತ್ತದೆ.

೨ (ಮುಂದುವರಿಕೆ, ೩ ಎಂದು ಹಾಕಿದ್ದೆ, ಅಷ್ಟು ದೊಡ್ಡ ವಿಷಯವಲ್ಲ)

ಕ್ಲಾಸಿನಲ್ಲಿ ಅವಳನ್ನು ಸೈಲೆಂಟು ಎನ್ನುತ್ತಾರೆ. ಗೈಡ್ ಆಗಲು ಬಂದವಳಿಗೆ ಸೈಲೆಂಟು! ಹೆಸರಿಟ್ಟವನು ಮೈಕು. ಅವನೂ ಸಹಪಾಠಿ. ಅವನು ಅಡುಗೆಮನೆಯಲ್ಲಿ ಕೆಮ್ಮಿದರೆ ಬೀದಿಯಲ್ಲಿ ಹೋಗುವವರು ತಿರುಗಿ ನೋಡುತ್ತಾರೆ. ಕೆಟ್ಟವನಲ್ಲ. ಸುಮ್ಮನಿರಲು ಬರುವುದಿಲ್ಲ, ಅಷ್ಟೆ.

ಮೇಡಂ ಎಂದರೆ ಅವರ ಪ್ರೊಫೆಸರ್. ಮೇಡಂ ಹೇಳಿದ್ದೇ ವೇದ. ಪೆನ್ನು ಒಳಗೆ ತರುವ ಹಾಗಿಲ್ಲ, ಪೆನ್ಸಿಲ್ ಮಾತ್ರ. ಸಾಕ್ಷಿ ಇಲ್ಲದ್ದನ್ನು ಹೇಳುವ ಹಾಗಿಲ್ಲ. ಊಹಿಸಲೇಬೇಕೆಂದರೆ "ಬಹುಶಃ" ಎಂದು ಸೇರಿಸಬೇಕು, ಒಂದು ಕೋಣೆಗೆ ಒಂದೇ ಬಹುಶಃ. ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಏನನ್ನೂ ಉಜ್ಜಬಾರದು.

"ಹಳೇ ಬಣ್ಣದ ಮೇಲೆ ಏನೇ ಇರ್ಲಿ, ಮುಟ್ಟಬೇಡಿ," ಎನ್ನುತ್ತಿದ್ದರು. "ಕಲೆ ಬಿದ್ದರೆ ಅದು ಒಂದು ತಪ್ಪು. ಅದನ್ನ ನೀವು ಉಜ್ಜಿದ್ರೆ ಎರಡು ತಪ್ಪು. ಉಜ್ಜಿದ ಜಾಗ ಬೆಳ್ಳಗೆ ಹಲ್ಲು ಕಿರೀತಾ ಕೂತ್ಕೊಳುತ್ತೆ."

ಈ ಸಂರಕ್ಷಣೆಯ ಪೇಪರಿನಲ್ಲಿ ಕ್ಲಾಸಿಗೆಲ್ಲ ಹೆಚ್ಚು ಅಂಕ ಬಂದದ್ದು ಸೈಲೆಂಟುವಿಗೆ. ಇದನ್ನು ನೆನಪಿಡಿ. ಇಲ್ಲವಾದರೆ ಮುಂದೆ ನೀವು "ಅಯ್ಯೋ, ಬೆರಳಲ್ಲಿ ಒರೆಸಿಬಿಟ್ಟಿದ್ದರೆ ಆಗ್ತಿತ್ತಲ್ಲ" ಎಂದು ನನ್ನನ್ನು ಕೇಳುತ್ತೀರಿ.

೩

ಅಡುಗೆಮನೆ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್ ಗೆರೆಗಳಿದ್ದವು. ಟೈಲರ್ ತನ್ನ ಮಕ್ಕಳನ್ನು ಅಲ್ಲಿ ನಿಲ್ಲಿಸಿ, ತಲೆಯ ಮೇಲೆ ಸ್ಕೇಲ್ ಇಟ್ಟು ಎತ್ತರ ಗುರುತು ಹಾಕುತ್ತಿದ್ದ. ಊರಿನವರನ್ನೆಲ್ಲ ಅಳೆದವನು ತನ್ನ ಮಕ್ಕಳನ್ನು ಬಿಟ್ಟಾನೆಯೇ? ಪ್ರತಿ ಗೆರೆಯ ಪಕ್ಕ ಒಂದು ಹೆಸರು. ಗುಂಡಣ್ಣ. ದೊಡ್ಡಿ. ಎಲ್ಲಕ್ಕಿಂತ ಕೆಳಗೆ, ಚೋಟು. ಗೆರೆಗಳು ಮೇಲೇರುತ್ತಾ ಹೋಗಿ ಒಂದು ಕಡೆ ನಿಂತುಬಿಟ್ಟಿದ್ದವು.

ಆ ಮಧ್ಯಾಹ್ನ ಒಬ್ಬ ಪ್ರವಾಸಿಯೂ ಬಂದಿರಲಿಲ್ಲ. ಅವಳು ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತಳು. ಕೈಯಲ್ಲಿ ಪೆನ್ಸಿಲ್ ಇತ್ತು. ಕೈಯನ್ನು ತಲೆಯ ಮೇಲೆ ತಂದು ಒಂದು ಗೆರೆ ಎಳೆದಳು. ತಿರುಗಿ ನೋಡಿದಾಗ ಎಲ್ಲರಿಗಿಂತ ಮೇಲೆ ಅವಳ ಗೆರೆ ಇತ್ತು. ಹೆಸರು ಬರೆಯಲಿಲ್ಲ.

ಇಲ್ಲಿ ನನಗೊಂದು ಕಾರಣ ಬೇಕಿತ್ತು. ಕಾರಣವಿಲ್ಲದೆ ಕಥೆಯಲ್ಲಿ ಯಾರೂ ಗೆರೆ ಎಳೆಯುವುದಿಲ್ಲ. "ತಬ್ಬಲಿಯಾಗಿ ಬೆಳೆದ ಅವಳು" ಎಂದು ಬರೆದೆ.

"ಯಾರು ತಬ್ಬಲಿ? ಅಪ್ಪ ಈಗಷ್ಟೇ ಫೋನ್ ಮಾಡಿದ್ರಲ್ಲ, ನೀವೇ ಬರೆದ್ರಿ."

"ಮತ್ತೆ ಯಾಕೆ ಎಳೆದೆ?"

"ಅಪ್ಪಂಗೆ ವರ್ಗ ಆಗ್ತಾನೇ ಇತ್ತು. ಎಲ್ಲಾ ಬಾಡಿಗೆ ಮನೆ. ಗೋಡೆಗೆ ಮೊಳೆ ಹೊಡೀಬೇಡ, ಬಾಗಿಲ ಮೇಲೆ ಗೀಚಬೇಡ, ಓನರ್ ಬೈತಾರೆ. ಬಿಡೋವಾಗ ನಾವಿದ್ದ ಗುರುತೇ ಇರದ ಹಾಗೆ ಒರೆಸಿ ಬಿಡ್ತಿದ್ವಿ. ಅಮ್ಮ ಅದರಲ್ಲಿ ಎಕ್ಸ್‌ಪರ್ಟು. ನಾನು ಚಿಕ್ಕೋಳಾಗಿದ್ದೆ, ಆಮೇಲೆ ಇಷ್ಟುದ್ದ ಆದೆ. ಆಗಿದ್ದಕ್ಕೆ ಎಲ್ಲೂ ಸಾಕ್ಷಿ ಇಲ್ಲ."

ತಬ್ಬಲಿಯನ್ನು ಹೊಡೆದು ಹಾಕಿದೆ.

ಎಳೆದ ಮೇಲೆ ಅವಳಿಗೆ ಜ್ಞಾನೋದಯವಾಯಿತು. ನೀವಾಗಿದ್ದರೆ, ನಾನಾಗಿದ್ದರೆ, ಎಂಜಲು ಹಚ್ಚಿ ಒರೆಸಿ ಮನೆಗೆ ಹೋಗುತ್ತಿದ್ದೆವು. ಇವಳು ಬೆರಳನ್ನು ಚೌಕಟ್ಟಿನ ತನಕ ಒಯ್ದು ನಿಲ್ಲಿಸಿದಳು. ಎಳೆದದ್ದು ಒಂದು ತಪ್ಪು, ಉಜ್ಜಿದರೆ ಎರಡು. ಓದಿದ್ದು ತಲೆಗೆ ಹತ್ತಿದವರ ಹಣೆಬರಹವೇ ಇಷ್ಟು. ಗೆರೆಯನ್ನು ಹಾಗೇ ಬಿಟ್ಟು, ಬಾಗಿಲು ಹಾಕಿಕೊಂಡು, ಬೀದಿಯುದ್ದಕ್ಕೂ ತನಗೆ ತಾನೇ ಬೈದುಕೊಳ್ಳುತ್ತಾ ಕೋಣೆಗೆ ಹೋದಳು.

೪

(ಈ ಭಾಗದಲ್ಲಿ ಒಂದು ಮಳೆ, ಒಂದು ಕಿಟಕಿ ಮತ್ತು ನನ್ನ ಬಾಲ್ಯ ಇತ್ತು. ತೆಗೆದಿದ್ದೇನೆ. ನಿಮಗೇನೂ ನಷ್ಟವಿಲ್ಲ.)

೫

ಮೈಕು ಮಾರನೆಯ ವಾರವೇ ಆ ಗೆರೆ ನೋಡಿದ. ಮ್ಯೂಸಿಯಮ್ಮಿನ ಹಳೆಯ ಫೋಟೋಗಳಲ್ಲಿ ಅದು ಇಲ್ಲವಲ್ಲ ಎಂದು ಯಾರೂ ಕೇಳಲಿಲ್ಲ, ಏಕೆಂದರೆ ಮಕ್ಕಳ ಗೆರೆ ತೋರಿಸುವ ಫೋಟೋ ಮಕ್ಕಳ ಎತ್ತರಕ್ಕೇ ಮುಗಿದಿತ್ತು. ಮೈಕು ಪ್ರವಾಸಿಗಳ ಗುಂಪಿನ ಮುಂದೆ ನಿಂತು, ತನ್ನ ಪಾಲಿನ ಒಂದು ಬಹುಶಃ ತೆಗೆದು ಬೀಸಿದ.

"ಇಲ್ಲಿ ನೋಡಿ, ಎಲ್ಲಕ್ಕಿಂತ ಮೇಲೆ. ಹೆಸರಿಲ್ಲ. ಮಗುವಂತೂ ಅಲ್ಲ. ಬಹುಶಃ ಈ ಮನೆಗೆ ಬಂದ ಸೊಸೆ! ಹೊಸಬಳು, ಮುದುರಿಕೊಂಡು ಮೂಲೇಲಿ ನಿಂತಿದಾಳೆ. ಅತ್ತೆ ಕರೀತಾರೆ: ಬಾಮ್ಮಾ, ನೀನೂ ನಿಂತ್ಕೋ. ಈ ಮನೇಲಿ ಇರೋರೆಲ್ಲ ಈ ಬಾಗಿಲಲ್ಲಿ ಇರ್ಬೇಕು."

ಗುಂಪಿನಲ್ಲಿದ್ದ ಒಬ್ಬ ಹೆಂಗಸು ಕಣ್ಣೊರೆಸಿಕೊಂಡಳು. ಅಲ್ಲಿಗೆ ಮುಗಿಯಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು. ಹೆಸರಿಲ್ಲದ ಗೆರೆಯ ಫೋಟೋ ಎಲ್ಲರ ಫೋನಿನಲ್ಲೂ ಓಡಾಡಿತು. ನೊಣ ಹೊಡೆಯುತ್ತಿದ್ದ ಮ್ಯೂಸಿಯಮ್ಮಿನ ಮುಂದೆ ಸಾಲು ನಿಂತಿತು. ಒಬ್ಬ ಗಂಡ ತನ್ನ ಹೆಂಡತಿಯನ್ನು ಗೆರೆಯ ಕೆಳಗೆ ನಿಲ್ಲಿಸಿ ಫೋಟೋ ತೆಗೆದ. ಮೇಡಂ ಮೊದಲು ಹುಬ್ಬು ಗಂಟಿಕ್ಕಿದರು, ಸಾಲು ನೋಡಿ ಗಂಟು ಬಿಚ್ಚಿದರು.

ಆಗ ಸೈಲೆಂಟು ಏನು ಮಾಡುತ್ತಿದ್ದಳು? ಹೇಳಿದರೆ ಅವಳಿಗೆ ಸಿಟ್ಟು ಬರುತ್ತದೆ, ಆದರೂ ಹೇಳುತ್ತೇನೆ. ತನ್ನ ಸರದಿ ಇಲ್ಲದ ದಿನಗಳಲ್ಲೂ ಬಂದು, ಅಡುಗೆಮನೆಯ ಆಚೆ ನಿಂತು, ಮೈಕು ಹೇಳುವುದನ್ನು ಕೇಳಿಸಿಕೊಳ್ಳುತ್ತಿದ್ದಳು. ಬಾಮ್ಮಾ, ನೀನೂ ನಿಂತ್ಕೋ. ಸುಳ್ಳೆಂದು ಅವಳಷ್ಟು ಚೆನ್ನಾಗಿ ಇನ್ಯಾರಿಗೂ ಗೊತ್ತಿರಲಿಲ್ಲ. ಆದರೂ ಆ ಮಾತು ಬಂದಾಗಲೆಲ್ಲ ಒಂದು ಹೆಜ್ಜೆ ಮುಂದೆ ಸರಿಯುತ್ತಿದ್ದಳು. ಅವಳಿಗೆ ಆ ಸೊಸೆಯ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು.

"ಇದನ್ನ ಹಾಕಲೇಬೇಕಿತ್ತಾ?"

ಹಾಕಲೇಬೇಕಿತ್ತು.

೬

ಕೊನೆಯ ಪ್ರಾಕ್ಟಿಕಲ್ ಪರೀಕ್ಷೆ ಬಂತು. ಪ್ರತಿಯೊಬ್ಬರೂ ಪರೀಕ್ಷಕರ ಮುಂದೆ ಒಂದು ಕೋಣೆ ತೋರಿಸಬೇಕು. ಮೇಡಂ ಸೈಲೆಂಟುವಿಗೆ ಅಡುಗೆಮನೆ ಕೊಟ್ಟರು.

"ನಿನ್ನ ಬಾಯಿ ಬಿಡಿಸೋಕೆ ಇದಕ್ಕಿಂತ ಒಳ್ಳೇ ಕೋಣೆ ಇಲ್ಲ. ಆ ಸೊಸೆ ಕಥೆ ಹೇಳು, ಸಾಕು. ಇನ್ನೊಂದು ವಿಷ್ಯ, ಅವತ್ತು ಚೋಟು ಬರ್ತಿದಾರೆ."

"ಯಾವ ಚೋಟು ಮೇಡಂ?"

"ಎಷ್ಟು ಚೋಟು ಇದಾರಮ್ಮಾ? ಟೈಲರ್ ಮಗಳು. ಫೋನ್ ಮಾಡಿ ನಿಮ್ಮತ್ತಿಗೆ ಕಥೆ ಎಲ್ಲರಿಗೂ ತುಂಬಾ ಇಷ್ಟ ಆಗಿದೆ ಅಂದೆ. ಏನೂ ಕೇಳಿಸ್ತಿಲ್ಲ, ನಾನೇ ಬರ್ತೀನಿ ಅಂದ್ರು."

ಚೋಟು ಗೆರೆ ನೋಡಿದರೆ ಮುಗಿಯಿತು. ಸಂರಕ್ಷಿತ ವಸ್ತುವಿನ ಮೇಲೆ ಗೀಚಿದವಳಿಗೆ ಆ ಡಿಪಾರ್ಟ್‌ಮೆಂಟು ಡಿಗ್ರಿ ಕೊಡುವುದಿಲ್ಲ. ಡಿಗ್ರಿ ಹೋದರೆ ಹೋಗಲಿ ಎಂದೂ ಅವಳಿಗೆ ಒಮ್ಮೊಮ್ಮೆ ಅನಿಸುತ್ತಿತ್ತು. ಆದರೆ ಆ ಬಾಗಿಲಿನಿಂದಲೂ ಹೋಗಬೇಕಾಗುತ್ತದಲ್ಲ.

ಅವಳು ನೇರ ನನ್ನ ಹತ್ತಿರ ಬಂದಳು.

"ಅಜ್ಜಿ ಬರೋದು ಬೇಡ. ಸಾಯಿಸಿಬಿಡಿ."

"ಏನಂದೆ?"

"ಕಥೇಲಿ ಅಜ್ಜಿಯಂದಿರನ್ನ ಸಾಯಿಸೋದು ನಿಮಗೇನು ಹೊಸದಾ?"

೭-ಅ (ಬೇಕಾದವರು ಇಲ್ಲಿಗೇ ನಿಲ್ಲಿಸಬಹುದು)

ಪರೀಕ್ಷೆಯ ಹಿಂದಿನ ದಿನ ಚೋಟು ತೀರಿಕೊಂಡಳು. ಮೇಡಂ ಎರಡು ನಿಮಿಷ ಮೌನ ಮಾಡಿಸಿದರು. ಸೈಲೆಂಟು ಸೊಸೆಯ ಕಥೆ ಹೇಳಿದಳು. ಪರೀಕ್ಷಕರು ಕಣ್ಣೊರೆಸಿಕೊಂಡು ಅಂಕ ಹಾಕಿದರು. ಅವಳು ಕೋಣೆಗೆ ಹೋಗಿ ಕೂತಳು. ಪಾಸಾದೆ ಎಂದು ಅಪ್ಪನಿಗೆ ಫೋನು ಮಾಡಿದಳು, ಅಪ್ಪ ಎತ್ತಲಿಲ್ಲ.

ಓದಿ ನೋಡಿದವಳು ಕಾಗದವನ್ನು ನನ್ನ ಕಡೆ ತಳ್ಳಿದಳು. "ಬೇಡ. ಬರ್ಲಿ. ಇಷ್ಟು ದಿನ ಅವರ ಗೆರೆ ಪಕ್ಕದ ಧೂಳು ಹೊಡೆದಿದೀನಿ. ಒಂದ್ಸಲ ಮುಖ ನೋಡ್ಬೇಕು."

೭-ಆ (ಇದು ನನ್ನ ಮೆಚ್ಚಿನದು)

ಚೋಟು ಬಂದಳು. ಗೆರೆ ನೋಡಿದಳು. ಹುಡುಗಿಯ ಮುಖ ನೋಡಿದಳು. ಎಲ್ಲ ಅರ್ಥವಾಯಿತು. ನಡುಗುವ ದನಿಯಲ್ಲಿ, "ಹೌದು, ಇದು ನಮ್ಮತ್ತಿಗೆಯ ಗೆರೆ. ಬಂಗಾರದಂಥ ಹೆಂಗಸು," ಎಂದಳು.

ಬರೆದು ನಾನೇ ಅತ್ತುಬಿಟ್ಟೆ. ಒಂದು ಲೋಟ ಚಹಾ ಮಾಡಿಕೊಂಡು ಬರುವಷ್ಟರಲ್ಲಿ ಅವಳು ಅದನ್ನು ಹೊಡೆದು ಹಾಕಿದ್ದಳು.

"ಅವರ್ಯಾಕೆ ಸುಳ್ಳು ಹೇಳ್ತಾರೆ? ನಿಮಗೆ ಅಳೋಕೆ ಬೇಕು ಅಂತ. ಇದ್ದ ಒಬ್ಬ ಮಗ ಗುಂಡಣ್ಣಂಗೆ ಮದುವೇನೇ ಆಗಿರ್ಲಿಲ್ಲ. ಅದಕ್ಕೆ ಸಾಕ್ಷಿ ಇದೆ."

"ಹಾಗಾದರೆ ಏನಾಗಬೇಕು ಹೇಳು."

"ಏನಾಯ್ತೋ ಅದನ್ನ ಬರೀರಿ."

೭

ಆದದ್ದು ಇದು.

ಚೋಟು ಬಂದರು. (ಬಹುವಚನ ಬಳಸುತ್ತಿದ್ದೇನೆ. ನೋಡಿದ ಮೇಲೆ ಬೇರೆ ದಾರಿಯಿರಲಿಲ್ಲ.) ನಾನು ಊಹಿಸಿದ್ದ ನಡುಗುವ ದನಿ ಅವರಿಗಿರಲಿಲ್ಲ. ಗಿಡ್ಡ ಹೆಂಗಸು, ಗಟ್ಟಿ ಗಂಟಲು. ಬಾಗಿಲಲ್ಲೇ, "ಏನಿದು, ಕುರ್ಚಿ ಅಡ್ಡಾದಿಡ್ಡಿ ಬಿಟ್ಟಿದೀರಾ? ನಮ್ಮಮ್ಮ ಇದ್ದಿದ್ರೆ ಬಿಡ್ತಿದ್ಲಾ?" ಎಂದು ಕುರ್ಚಿಯನ್ನು ಟೇಬಲ್ಲಿನ ಒಳಕ್ಕೆ ತಳ್ಳಿದರು. ಮೇಡಂ ಬಾಯಿ ತೆರೆದು ಹಾಗೇ ಮುಚ್ಚಿಕೊಂಡರು.

ಎಲ್ಲರೂ ಅಡುಗೆಮನೆಗೆ ಬಂದರು. ಪರೀಕ್ಷಕರು, ಮೇಡಂ, ಹಿಂದೆ ಮೈಕು. ಸೈಲೆಂಟು ಚೌಕಟ್ಟಿನ ಪಕ್ಕದಲ್ಲಿ ನಿಂತಿದ್ದಳು.

"ಇದು ಗುಂಡಣ್ಣ," ಎಂದಳು. "ಇದು ದೊಡ್ಡಿ. ಇದು... ನೀವು."

ಚೋಟು ಬಗ್ಗಿ ತಮ್ಮ ಗೆರೆ ನೋಡಿದರು. ಬೆರಳಿನಿಂದ ಮುಟ್ಟಿದರು. ಅದನ್ನು ತಡೆಯುವ ಧೈರ್ಯ ಯಾರಿಗೂ ಆಗಲಿಲ್ಲ. ಹಾಗೇ ಒಂದೊಂದೇ ಗೆರೆ ಸವರುತ್ತಾ ಮೇಲಕ್ಕೆ ಬಂದು, ಕತ್ತೆತ್ತಿ, ಕಣ್ಣು ಕಿರಿದು ಮಾಡಿದರು.

"ಇದ್ಯಾರ್ದು?"

ಬಹುಶಃ ಎನ್ನುವ ಪದ ಸೈಲೆಂಟುವಿನ ನಾಲಿಗೆಯ ಮೇಲಿತ್ತು.

"ಬಹುಶಃ ಸೊಸೆ..." ಎಂದ ಹಿಂದಿನಿಂದ ಮೈಕು. ಸುಮ್ಮನಿರಲು ಬರುವುದಿಲ್ಲ ಎಂದು ಹೇಳಿದ್ದೆನಲ್ಲ.

"ಯಾವ ಸೊಸೆ? ಸೊಸೇನೂ ಇಲ್ಲ, ಮಣ್ಣೂ ಇಲ್ಲ. ನಮ್ಮ ವಂಶದಲ್ಲೇ ಇಷ್ಟೆತ್ತರ ಯಾರೂ ಇಲ್ಲ. ನಮ್ಮಪ್ಪ ಸ್ಟೂಲ್ ಹತ್ತಿ ದೀಪ ಹಾಕ್ತಿದ್ದ."

ಮೇಡಂ ಮುಖದ ಬಣ್ಣ ಇಳಿಯಿತು. ಪರೀಕ್ಷಕರು ಪರಸ್ಪರ ನೋಡಿಕೊಂಡರು. ಈ ಹೊತ್ತಿಗೆ ಅವಳು ನನ್ನ ಕಡೆ ನೋಡಬಹುದೆಂದು ಕಾದೆ. ಏನಾದರೂ ಬರೆದು ಬಚಾವ್ ಮಾಡಿ ಎನ್ನಬಹುದು ಎಂದುಕೊಂಡೆ. ಪೆನ್ನು ಹಿಡಿದು ತಯಾರಾಗಿದ್ದೆ. ಅವಳು ನೋಡಲಿಲ್ಲ.

"ನಂದು," ಎಂದಳು.

"ಏನು?" ಎಂದರು ಮೇಡಂ.

"ಆ ಗೆರೆ ನಂದು ಮೇಡಂ. ಉಜ್ಜಬಾರದು ಅಂತ ಬಿಟ್ಟೆ."

ಯಾರೂ ಮಾತಾಡಲಿಲ್ಲ. ಮೈಕು ಕೂಡ.

ಚೋಟು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಯಾರು ಹಾಕಿಕೊಟ್ರು?"

"ಯಾರೂ ಇಲ್ಲ. ನಾನೇ."

"ನೀನೇ ನಿನ್ನ ತಲೆ ಮೇಲೆ ಕೈ ತಂದು ಹಾಕ್ಕೊಂಡ್ಯಾ?"

"ಹೂಂ."

"ಬಾ ಇಲ್ಲಿ. ನಿಂತ್ಕೋ."

ಅವಳು ನಿಂತಳು.

"ಹಿಮ್ಮಡಿ ಕೆಳಗಿಡು. ಕತ್ತು ನೆಟ್ಟಗೆ." ಚೋಟು ತಿರುಗಿ, "ಯಾರಾದ್ರೂ ಆ ಸ್ಟೂಲು ಎಳೀರಿ," ಎಂದರು. ಮೈಕು ಎಳೆದುಕೊಟ್ಟ. ಅದೂ ಪ್ರದರ್ಶನದ ಸ್ಟೂಲೇ. ಚೋಟು ಅವನ ಭುಜ ಹಿಡಿದು ಅದರ ಮೇಲೆ ಹತ್ತಿದರು. ನೋಡಿದರೆ ಅವಳ ತಲೆಗೂ ಅವಳ ಗೆರೆಗೂ ನಡುವೆ ಎರಡು ಬೆರಳು ಜಾಗ ಖಾಲಿಯಿತ್ತು.

"ನೋಡಿದ್ರಾ?" ಎಂದರು ಎಲ್ಲರಿಗೂ ಕೇಳುವಂತೆ. "ಒಬ್ಬೊಬ್ರೇ ಹಾಕ್ಕೊಂಡ್ರೆ ಹೀಗೇ. ಕೈ ಮೇಲಕ್ಕೆ ಹೋಗುತ್ತೆ. ನಮ್ಮ ಗುಂಡಣ್ಣನೂ ಒಂದ್ಸಲ ಕದ್ದು ಹಾಕ್ಕೊಂಡು ಅಪ್ಪನ ಹತ್ರ ಒದೆ ತಿಂದಿದ್ದ. ಇದನ್ನ ಒಬ್ಬರೇ ಮಾಡೋಕಾಗಲ್ಲಮ್ಮಾ. ಇನ್ನೊಬ್ರು ಬೇಕು. ಎಲ್ಲಿ, ಪೆನ್ಸಿಲ್ ಕೊಡು."

ಅವಳು ಪೆನ್ಸಿಲ್ ಇದ್ದ ಕೈಯನ್ನು ಮುಂದೆ ಚಾಚಿದಳು.

"ಅಮ್ಮಾ, ಹಾಗೆಲ್ಲ ಹೊಸ ಗೆರೆ ಹಾಕೋ ಹಾಗಿಲ್ಲ," ಎಂದು ಮೇಡಂ ಕೈ ಎತ್ತಿ ಒಂದು ಹೆಜ್ಜೆ ಮುಂದೆ ಬಂದರು. "ಇದು ಸಂರಕ್ಷಿತ..."

"ನಮ್ಮನೆ ಬಾಗಿಲು ಕಣಮ್ಮಾ."

"ಕೊಟ್ಟಿದೀರಲ್ಲ ಅಮ್ಮಾ."

೮

ಇಲ್ಲಿಂದ ಮುಂದೆ ನಾನು ಸುಲಭವಾಗಿ ಬರೆದುಬಿಡಬಲ್ಲೆ. ಚೋಟು ಗೆರೆ ಹಾಕುತ್ತಾರೆ, ಪಕ್ಕದಲ್ಲಿ ಒಂದು ಹೆಸರು ಬರೆಯುತ್ತಾರೆ. ಅಥವಾ ಮೇಡಂ ಪೆನ್ಸಿಲ್ ಕಿತ್ತುಕೊಳ್ಳುತ್ತಾರೆ, ಪರೀಕ್ಷಕರು ಫೇಲು ಎನ್ನುತ್ತಾರೆ, ಅವಳು ಬೀದಿಗಿಳಿಯುತ್ತಾಳೆ. ಅಥವಾ ಮೇಡಂ ಕೂಡ ಬಾಡಿಗೆ ಮನೆಗಳಲ್ಲಿ ಬೆಳೆದವರು, ಹೀಗೇ ಏನಾದರೊಂದು. ಬೇಕಾದಷ್ಟಿದೆ ನನ್ನ ಹತ್ತಿರ.

ಮೊದಲನೆಯದನ್ನೇ ಬರೆಯಲು ಹೊರಟೆ. ಇಷ್ಟು ದೂರ ಬಂದಿದ್ದಾಳೆ, ಪಾಪ, ಒಂದು ಗೆರೆಗೆ ಬಡತನವೇ ಎಂದು.

"ಬರೀಬೇಡಿ," ಎಂದಳು ಅವಳು. ತಲೆ ಅಲ್ಲಾಡಿಸುವ ಹಾಗಿರಲಿಲ್ಲ, ಕಣ್ಣು ಮುಂದಕ್ಕೇ ಇತ್ತು.

"ನಿನ್ನ ಒಳ್ಳೇದಕ್ಕೇ ಕಣೇ."

"ಗೊತ್ತು. ಆದ್ರೆ ನೀವು ಬರೆದ್ರೆ ಅದು ನಾನೇ ಹಾಕ್ಕೊಂಡ ಹಾಗೇ. ನಿಮ್ಮ ಕೈಯೂ ಮೇಲಕ್ಕೆ ಹೋಗುತ್ತೆ. ನೀವೂ ಅಲ್ಲಿ ಒಬ್ಬರೇ ಕೂತಿದೀರಲ್ವಾ?"

ನನಗೆ ಸಿಟ್ಟು ಬಂತು. ಅವಳಿಗೆ ಒಂದು ತಟ್ಟೆ ಕೊಟ್ಟವನು ನಾನು, ಫೋನೆತ್ತದ ಅಪ್ಪನನ್ನು ಕೊಟ್ಟವನು ನಾನು. ಎಲ್ಲಿಂದ ತಂದು ಕೊಟ್ಟೆ ಎಂದು ಕೇಳಿದರೆ ನನ್ನಲ್ಲಿ ಉತ್ತರವಿದೆ, ಹೇಳುವುದಿಲ್ಲ. ಚಹಾ ಆರಿಹೋಗಿತ್ತು. ಮಾತಾಡಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ಸರಿ," ಎಂದೆ. "ಬರೆಯಲ್ಲ."

ಅವಳು ನಿಂತೇ ಇದ್ದಾಳೆ. ಹಿಮ್ಮಡಿ ನೆಲದ ಮೇಲಿದೆ. ಮೇಡಂ ಎತ್ತಿದ ಕೈ ಇನ್ನೂ ಗಾಳಿಯಲ್ಲಿದೆ. ಅದು ತಡೆಯಲೋ, ಅಜ್ಜಿ ಸ್ಟೂಲಿನಿಂದ ಜಾರದಂತೆ ಹಿಡಿಯಲೋ, ನನಗೆ ಗೊತ್ತಿಲ್ಲ. ಅಳತೆಗೆ ನಿಂತವಳಿಗೆ ತನ್ನ ತಲೆಯ ಮೇಲೆ ಏನಾಗುತ್ತಿದೆಯೆಂದು ಕಾಣುವುದಿಲ್ಲ.

"ಅಲ್ಲಾಡಬೇಡ," ಎಂದರು ಚೋಟು. ಕೂದಲು ಉಬ್ಬಿ ಲೆಕ್ಕ ತಪ್ಪದಿರಲೆಂದು ಅಂಗೈಯನ್ನು ಅವಳ ನೆತ್ತಿಯ ಮೇಲಿಟ್ಟು ಮೆಲ್ಲಗೆ ಒತ್ತಿದರು.

ಅವಳ ಕಣ್ಣು ತುಂಬಿ ಬಂತು. ನೆತ್ತಿಯ ಮೇಲಿನ ಕೈ ಅಲ್ಲೇ ಇದೆ. ಅದನ್ನು ಎತ್ತಿಸುವ ವಾಕ್ಯವನ್ನು ನಾನು ಬರೆಯುವುದಿಲ್ಲ.